ಎಣ್ಣಿ ಹಚ್ಚಿದ ಕಲ್ಲುಗಳ ದಾರಿ

ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವಳು ನಾನು. ಆದರೂ ಸಿದ್ಧರಾಮೇಶ್ವರರು ಊರ ಸುತ್ತ ಸ್ಥಾಪಿಸಿದರು ಅನ್ನುವ 68 ಲಿಂಗಗಳನ್ನು ನಡೆದು ನೋಡಲು ಹೊರಟಿದ್ದು ಈ ವರ್ಷ. ಅದೂ ಮಗಳು ಕೇಳಿದ ಒಂದು ಪ್ರಶ್ನೆಯಿಂದ.

ಸಂಕ್ರಾಂತಿಯ ಜಾತ್ರೆಯಲ್ಲಿ, ಭೋಗಿಯ ದಿನ, ಏಳು ನಂದಿಧ್ವಜಗಳು ಈ ಲಿಂಗಗಳತ್ತ ಹೊರಡುತ್ತವೆ. ಬಿಳಿ ಬಾರಾಬಂದಿ ಅಂಗಿ ತೊಟ್ಟವರು ಅಷ್ಟುದ್ದದ ಕೋಲನ್ನು ಸೊಂಟಕ್ಕೆ ಆನಿಸಿ ನೆಟ್ಟಗೆ ಹೊತ್ತು ನಡೆಯುತ್ತಾರೆ. ಲಿಂಗಗಳಿಗೆ ಎಣ್ಣೆಯ ಸ್ನಾನ. ಮರಾಠಿ ಪೇಪರಿನಲ್ಲಿ ಅದನ್ನು ‘ಯಣ್ಣಿಮಜ್ಜನ’ ಅಂತ ಬರೆದಿದ್ದರು. ಮರಾಠಿ ಶಾಲೆಗೆ ಹೋಗುವ ಮಗಳು ಕೇಳಿದಳು, “ಅವ್ವಾ, ಯಣ್ಣಿ ಅಂದ್ರೇನ?”

“ನಿನ್ನ ತಲೀಗೆ ಹಚ್ತೀನಲ್ಲ, ಅದೇ ಎಣ್ಣಿ!”

ಅವಳ ಕಣ್ಣು ಅರಳಿದ್ದು ನೋಡಬೇಕಿತ್ತು. ಆಮೇಲೆ ಕುಂಬಾರರ ಮಗಳ ಕತೆ ಹೇಳಿದೆ. ಅವಳಿಗೆ ಸಿದ್ಧರಾಮರನ್ನೇ ಮದುವೆಯಾಗುವ ಆಸೆ. ಅವರು ತಮ್ಮ ಯೋಗದಂಡವನ್ನು ಕೊಟ್ಟು ಇದನ್ನು ವರಿಸು ಅಂದರಂತೆ. ಅದೇ ಮದುವೆ ಪ್ರತಿ ವರ್ಷ ನಡೆಯುತ್ತದೆ. ಮೊದಲ ದಿನ ಎಣ್ಣಿ, ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಮಜ್ಜನ, ಸಮ್ಮತಿ, ಕಟ್ಟೆ, ಪೂಜೆಯ ಹಿರೇಹಬ್ಬು ಮನೆತನ: ಎಲ್ಲಾ ನಮ್ಮ ಮನೆಯ ಮಾತೇ ಅಲ್ವಾ?

ಜಾತ್ರೆ ಮುಗಿದ ಮೇಲೆ, ಒಂದು ಭಾನುವಾರ ನಸುಕಿನಲ್ಲಿ ಕೆರೆಯ ನಡುವಿನ ಸಿದ್ಧೇಶ್ವರ ಗುಡಿಯಿಂದ ಹೊರಟೆವು. ಪಕ್ಕದಲ್ಲೇ ಭುಯಿಕೋಟೆ. ಚಾರ್ ಹುತಾತ್ಮಾ ಚೌಕದಲ್ಲಿ ಸ್ವಲ್ಪ ನಿಂತೆವು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರು ಸ್ವಾತಂತ್ರ್ಯ ಹೋರಾಟಗಾರರನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು 1931ರ ಜನವರಿ 12ರಂದು. ಜಾತ್ರೆಯ ಹೊತ್ತಿಗೇ. ಆ ವರ್ಷ ಕೋಲು ಹೊತ್ತವರ ಮನಸ್ಸು ಹೇಗಿದ್ದಿರಬೇಕು?

ಆಮೇಲೆ ಬರೀ ಓಣಿಗಳು. ಒಂದು ಲಿಂಗ ಹಳೆಯ ಮನೆಯೊಂದರ ಗೋಡೆಗೆ ಒತ್ತಿಕೊಂಡಿತ್ತು. ಎಣ್ಣಿ ಕುಡಿದು ಕುಡಿದು ಕಲ್ಲು ಕರ್ರಗೆ ಮಿರುಗುತ್ತಿತ್ತು. ಬುಡದ ಸಂದಿಯಲ್ಲಿ ಜಾತ್ರೆಯ ಅರಿಶಿನ ಇನ್ನೂ ಉಳಿದಿತ್ತು. ನಾವು ಮರಾಠಿಯಲ್ಲಿ ಕೇಳಿದೆವು. ಕಸ ಹೊಡೆಯುತ್ತಿದ್ದ ಅಜ್ಜಿ, “ಒಳಗ ಬರ್ರಿ, ಚಪ್ಪಲಿ ಅಲ್ಲೇ ಬಿಡ್ರಿ” ಅಂದರು. ಮಗಳು ಬೆರಳಿಂದ ಮುಟ್ಟಿ, ಮೂಸಿ ನೋಡಿದಳು. “ಎಣ್ಣಿ,” ಅಂದಳು.

ಬಿಸಿಲೇರುವ ಹೊತ್ತಿಗೆ 19 ಆಗಿದ್ದವು. ಉಳಿದದ್ದಕ್ಕೆ ಮುಂದಿನ ಭಾನುವಾರ. ಅಜ್ಜಿಯ ಓಣಿಯಿಂದಲೇ ಶುರು ಮಾಡಬೇಕಂತೆ, ಮಗಳ ಹಟ.