ಕಡಲಾಚೆ ಸಿಕ್ಕ ಬಳಗ

ನಮ್ಮಪ್ಪ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆ ಹಿಡಿದು ನಡೆದವರು. 1972ರಲ್ಲಿ ಬಾಂಬೆಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್, ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಹೆಸರು ಪಡೆದ ಕಥೆಯನ್ನು ನಾನು ಈ ಕಾಲೇಜಿಗೆ ಬಿ.ಎ. ಸೇರುವ ಮೊದಲೇ ಅವರ ಬಾಯಿಂದ ಕೇಳಿದ್ದೆ. ಆ ಕಥೆಗಳಲ್ಲಿ ಹೆಂಗಸರ ಹೆಸರು ಬರುತ್ತಿದ್ದುದು ತೀರಾ ಕಡಿಮೆ. ಅವು ನನಗೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ.

ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 2019ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೊಂದಕ್ಕೆ ಎಂ.ಎ. ಓದಲು ಹೋದೆ. ಗಂಟೆ ಲೆಕ್ಕದ ಸಂಬಳಕ್ಕೆ ನಮಗೆ ಪಾಠ ಮಾಡುತ್ತಿದ್ದ, ನೈಜೀರಿಯಾ ಮೂಲದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಒಂದು ಸಂಜೆ ತಮ್ಮ ಸಭೆಗೆ ಕರೆದರು. ಹಲವು ವಿಶ್ವವಿದ್ಯಾಲಯಗಳ ಕಪ್ಪು ಸ್ತ್ರೀವಾದಿಗಳು ಸೇರಿ ಕಟ್ಟಿಕೊಂಡ ಬಳಗ ಅದು. ವಿದ್ಯಾರ್ಥಿನಿಯರು, ಅಧ್ಯಾಪಕಿಯರು, ಕಟ್ಟಡ ಗುಡಿಸಿ ಒರೆಸುವ ಹೆಂಗಸರು ಎಲ್ಲರೂ ಒಂದೇ ಮೇಜಿನ ಸುತ್ತ. ಸಂಶೋಧಕಿ ನಿಕೋಲಾ ರೋಲಾಕ್ ಅವರ ವರದಿ ಅದೇ ವರ್ಷ ಹೊರಬಂದಿತ್ತು: ಬ್ರಿಟನ್ನಿನ ಅಷ್ಟೂ ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರ್ ಆಗಿದ್ದ ಕಪ್ಪು ಮಹಿಳೆಯರು ಬರೀ 25 ಮಂದಿ. ಅಂಕಿ ಕೇಳಿ ನಾನು ಬೆಚ್ಚಿದೆ. ಅಲ್ಲಿ ಕೂತ ಬೇರೆ ಯಾರೂ ಬೆಚ್ಚಲಿಲ್ಲ.

ನಾನು ಇವರ ನಡುವೆ ಕೂರಬಹುದೇ ಎಂಬ ಅಳುಕಿತ್ತು. ಜಮೈಕಾದಿಂದ ಬಂದು ಅಲ್ಲೇ ನೆಲೆಸಿದ್ದ, ನಿವೃತ್ತ ನರ್ಸ್ ಆಗಿದ್ದ ಹಿರಿಯರೊಬ್ಬರು ಅದನ್ನು ಗಮನಿಸಿರಬೇಕು. ಪಕ್ಕಕ್ಕೆ ಕೂರಿಸಿಕೊಂಡು 1979ರ ಸಂಗತಿ ಹೇಳಿದರು. ಮದುವೆಗೆಂದು ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬಂದಿಳಿದ ಭಾರತದ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದರಂತೆ. ಆಫ್ರಿಕಾ ಮತ್ತು ಏಷ್ಯಾ ಮೂಲದ ಮಹಿಳೆಯರ ಸಂಘಟನೆ ಓವಾಡ್, ಏಷ್ಯಾದ ಹೆಂಗಸರ ‘ಆವಾಜ್’ ಜೊತೆ ಸೇರಿ ಆ ವಿಮಾನ ನಿಲ್ದಾಣದಲ್ಲೇ ಪ್ರತಿಭಟಿಸಿತು. ಓವಾಡ್ ಕಟ್ಟಿದವರಲ್ಲಿ ಒಬ್ಬರು ಆಲಿವ್ ಮಾರಿಸ್. ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಗಲೇ ವಿದೇಶಿ ವಿದ್ಯಾರ್ಥಿಗಳ ಶುಲ್ಕ ಏರಿಕೆಯ ವಿರುದ್ಧ ಓಡಾಡಿದವರು. 1979ರಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ವಯಸ್ಸು 27. ನಮ್ಮ ನಾಡಿನ ಹೆಣ್ಣಿನ ಮಾನಕ್ಕಾಗಿ ಆ ದೇಶದಲ್ಲಿ ಕಪ್ಪು ಹೆಂಗಸರು ಬೀದಿಗಿಳಿದದ್ದನ್ನು ನಾನು ಯಾವ ಪಠ್ಯದಲ್ಲೂ ಓದಿರಲಿಲ್ಲ. ಅವತ್ತೇ ಹೆಸರು ಬರೆಸಿದೆ.

ಬಳಗದ ಕೆಲಸವೆಂದರೆ ಭಾಷಣ ಎಂದುಕೊಂಡವರಿಗೆ ಒಂದು ಘಟನೆ ಹೇಳಬೇಕು. ಸೊಮಾಲಿ ಮೂಲದ ಹುಡುಗಿಯೊಬ್ಬಳ ಹಾಸ್ಟೆಲ್ ಬಾಗಿಲ ಮೇಲೆ ಯಾರೋ ಹೇಸಿಗೆಯ ಮಾತು ಗೀಚಿದ್ದರು. ದೂರಿನ ವಿಚಾರಣೆಗೆ ಅವಳೊಬ್ಬಳನ್ನೇ ಕಳಿಸುವುದಿಲ್ಲ ಎಂಬುದು ಬಳಗದ ಕಟ್ಟುಪಾಡು. ಜೊತೆಗೆ ಇಬ್ಬರು: ಒಬ್ಬರು ಮಾತಾಡಲು, ಇನ್ನೊಬ್ಬರು ಬರೆದುಕೊಳ್ಳಲು. ಬರೆಯುವ ಪಾಳಿ ನನ್ನದು. ಯಾರು, ಎಷ್ಟು ಹೊತ್ತಿಗೆ, ಏನಂದರು ಎಂಬುದನ್ನು ಆಡಿದ ಮಾತಿನಲ್ಲೇ ಬರೆಯಬೇಕು, ಸಾರಾಂಶ ಕೂಡದು ಎಂದು ಕಲಿಸಿದ್ದರು. ‘ತಮಾಷೆಗೆ ಬರೆದದ್ದಿರಬಹುದು’ ಎಂದರು ಅಧಿಕಾರಿ. ಹಾಗೇ ಬರೆದೆ. ಅದೇ ಸಂಜೆ ಆ ಹುಡುಗಿಗೆ ಇಡೀ ಬರಹ ಓದಿ ಹೇಳಿ, ಅವಳು ಒಪ್ಪಿದ ಮೇಲೆ ಕಚೇರಿಗೆ ಕಳಿಸಿದೆವು. ಮುಂದಿನ ವಿಚಾರಣೆಯಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿದಾಗ ಅಧಿಕಾರಿ ಮಾತು ಹಿಂತೆಗೆದುಕೊಂಡರು, ತನಿಖೆಗೆ ಆದೇಶವಾಯಿತು. ಹೋರಾಟದಲ್ಲಿ ಕಾಗದ ಎಷ್ಟು ದೊಡ್ಡದೆಂದು ನನಗೆ ಅಲ್ಲಿ ತಿಳಿಯಿತು. ನಮ್ಮ ಹುಡುಗಿಯರಿಗೆ ಇದನ್ನೊಂದು ಕಲಿಸಿದರೂ ಸಾಕು ಎಂದು ಇವತ್ತಿಗೂ ಅನಿಸುತ್ತದೆ.

ಆ ನವೆಂಬರಿನಲ್ಲಿ ಬ್ರಿಟನ್ನಿನ 60 ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಮುಷ್ಕರ ಶುರುವಾಯಿತು, ಎಂಟು ದಿನದ್ದು. ಪಿಂಚಣಿಯ ಜೊತೆಗೆ ಸಂಬಳದಲ್ಲಿನ ಲಿಂಗ, ವರ್ಣ ತಾರತಮ್ಯವೂ ಅದರ ವಿಷಯ. ಗೇಟಿನ ಮುಂದೆ, ಕೊರೆಯುವ ಚಳಿಯಲ್ಲಿ, ಫ್ಲಾಸ್ಕಿನ ಚಹಾ ಹಂಚಿಕೊಳ್ಳುತ್ತ ಬಳಗದವರು ಪಾಠ ನಡೆಸಿದರು. ಬಾಸ್ಟನ್ನಿನ ಕಪ್ಪು ಸ್ತ್ರೀವಾದಿಗಳು ಕಟ್ಟಿದ ಕೊಂಬಾಹೀ ರಿವರ್ ಕಲೆಕ್ಟಿವ್ 1977ರಲ್ಲಿ ಹೊರಡಿಸಿದ ಹೇಳಿಕೆಯನ್ನು ನಾನು ಮೊದಲು ಓದಿದ್ದು ಅಲ್ಲಿಯೇ. ವರ್ಣ, ವರ್ಗ, ಲಿಂಗದ ದಬ್ಬಾಳಿಕೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎನ್ನುವ ಅದರ ವಾದ ನಮ್ಮ ಕೇರಿಯ ಹೆಂಗಸರ ಬದುಕಿಗೆ ನೇರವಾಗಿ ತಾಕುವಂಥದ್ದು.

ಜಾತಿಯ ಮಾತು ಎತ್ತಿದ್ದು ನಾನಲ್ಲ, ಅವರು. ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಿ, ನಾನು ಮಾತು ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ. ಇಲ್ಲಿನ ಎಷ್ಟೋ ಗೋಷ್ಠಿಗಳಲ್ಲಿ ನನಗೆ ಅಷ್ಟು ಹೊತ್ತು ಸಿಕ್ಕಿರಲಿಲ್ಲ. ಆ ಡಿಸೆಂಬರಿನಲ್ಲೇ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ನಿಷೇಧ ನಿಯಮಕ್ಕೆ ಜಾತಿಯನ್ನೂ ಸೇರಿಸಿತು. ನಮ್ಮಲ್ಲೂ ಕೇಳೋಣ ಎಂದು ಎದ್ದು ನಿಂತವರು ಆ ನೈಜೀರಿಯಾದ ಅಕ್ಕ. ಮನವಿಯ ಕರಡನ್ನು ನಾನು ಬರೆದೆ, ಅವರು ತಿದ್ದಿದರು. ಸಹಿ ಸಂಗ್ರಹ ನಡೆದಿರುವಾಗಲೇ ಕೊರೊನಾ ಬಂತು, ಸಭೆಗಳು ಫೋನಿನ ಪರದೆಗೆ ಸರಿದವು.

ನಾನು ಊರಿಗೆ ಮರಳುವವರೆಗೂ ಮನವಿಗೆ ಉತ್ತರ ಬಂದಿರಲಿಲ್ಲ. ನೇಪಾಳದ ಹುಡುಗಿಯೊಬ್ಬಳು ಕಡತ ವಹಿಸಿಕೊಂಡಿದ್ದಾಳೆ; ಅವಳು ಕರೆದಾಗಲೆಲ್ಲ ರಾತ್ರಿ ಆನ್‌ಲೈನ್ ಸಭೆಗೆ ಕೂರುತ್ತೇನೆ. ನಮ್ಮ ಕಾಲೇಜಿನಿಂದ ಯಾರಾದರೂ ಆ ಕಡೆ ಓದಲು ಹೊರಟರೆ ಪ್ರಾಂಶುಪಾಲರ ಕಚೇರಿಯಲ್ಲಿ ನನ್ನ ನಂಬರ್ ಇದೆ. ಹೊರಡುವ ಮೊದಲೇ ಫೋನ್ ಮಾಡಿ, ಬಳಗದವರಿಗೆ ನಿಮ್ಮ ಪರಿಚಯ ಮಾಡಿಸುತ್ತೇನೆ.