ಅಕ್ಕಿ ರೊಟ್ಟಿ ಬಿಟ್ಟು 30 ದಿನ: ನನ್ನ ಕೀಟೋ ಲೆಕ್ಕದ ಪುಸ್ತಕ

ದಿನ 1
ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟಿಲ್ಲ. ತೂಕ 84.2 ಕೆಜಿ. ಕೀಟೋ ಅಂದ್ರೆ ಕಾರ್ಬ್ (ಪಿಷ್ಟ, ಸಕ್ಕರೆ) ತೀರಾ ಕಮ್ಮಿ ಮಾಡಿ, ಕೊಬ್ಬು ಜಾಸ್ತಿ ತಿನ್ನುವ ಪಥ್ಯ. ದಿನಕ್ಕೆ 30 ಗ್ರಾಂ ಕಾರ್ಬ್ ದಾಟಬಾರದು ಅಂತ ನಿರ್ಧಾರ. ಅಮ್ಮ ಒಂದು ರೊಟ್ಟಿಗೆ ಹಾಕುವ ಅಕ್ಕಿ ಹಿಟ್ಟನ್ನು ತೂಗಿ ನೋಡಿದೆ. 60 ಗ್ರಾಂ. ಅಂದ್ರೆ ಕಾರ್ಬ್ ಹತ್ತಿರ ಹತ್ತಿರ 48 ಗ್ರಾಂ! ಒಂದೇ ರೊಟ್ಟಿಗೆ ಇವತ್ತಿನದೂ ಮುಗೀತು, ನಾಳೆಯದರಲ್ಲಿ ಸಾಲವೂ ಆಯ್ತು.

ದಿನ 4
82.1. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಇಳಿದದ್ದು ಕೊಬ್ಬಲ್ಲ, ಬಹುಪಾಲು ನೀರು. ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ (ದೇಹ ದಾಸ್ತಾನು ಮಾಡಿಕೊಂಡ ಸಕ್ಕರೆ) ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅದು ಖರ್ಚಾದರೆ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನೂ ಜಾಸ್ತಿ ಹೊರಗೆ ಹಾಕುತ್ತದೆ.

ಇದನ್ನೆಲ್ಲ ಓದಿಕೊಂಡಿದ್ದೆ, ಆದರೂ ಉಪ್ಪು ಮರೆತೆ. ಸಂಜೆ ತೋಟದಿಂದ ದರೆ ಹತ್ತುವಾಗ ಕಣ್ಣು ಕತ್ತಲೆ ಬಂತು, ತಲೆನೋವು ಬೇರೆ. ಅಡಿಕೆ ಮರ ಹಿಡಿದು ನಿಂತೆ. "ಎಂತದೋ ಇದು, ಅನ್ನ ಬಿಟ್ಟು ಮಾಡೋ ವ್ರತ!" ಅಂತ ಬೈಯುತ್ತಲೇ ಅಮ್ಮ ಅಪ್ಪೆಮಿಡಿ ಜಾಡಿಯ ಉಪ್ಪುನೀರನ್ನು ನೀರುಮಜ್ಜಿಗೆಗೆ ಹಾಕಿ ಕೊಟ್ಟರು. ಸ್ವಲ್ಪ ಹೊತ್ತಿಗೆ ತಲೆನೋವು ಇಳಿಯಿತು.

ದಿನ 9
ಮೂತ್ರ ಪರೀಕ್ಷೆಯ ಕೀಟೋನ್ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿತು. ಅಂದ್ರೆ ಲಿವರ್ ಕೊಬ್ಬಿನಿಂದ ಕೀಟೋನ್ ಅನ್ನೋ ಇಂಧನ ಮಾಡಲು ಶುರು ಮಾಡಿದೆ. ಬಾಯಿಂದ ಕೊಳೆತ ಹಣ್ಣಿನ ವಾಸನೆ ಅಂತ ಹೆಂಡತಿಯ ದೂರು. ಅದು ಅಸಿಟೋನ್, ಕೀಟೋನ್‌ಗಳಲ್ಲೇ ಒಂದು.

ಮಿದುಳು ದೇಹದ ತೂಕದಲ್ಲಿ ಬರೀ 2%, ಶಕ್ತಿ ಮಾತ್ರ 20% ನುಂಗುತ್ತದೆ. ಕೊಬ್ಬನ್ನು ನೇರವಾಗಿ ಉರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಲಿವರ್ ಕೊಬ್ಬಿನಿಂದ ಕೀಟೋನ್ ಮಾಡಿ ಕಳಿಸಬೇಕು. ಹಾಗಿದ್ದರೂ ಸ್ವಲ್ಪ ಗ್ಲುಕೋಸ್ ಬೇಕೇ ಬೇಕು, ಅದನ್ನೂ ಲಿವರ್ರೇ ತಯಾರಿಸುತ್ತದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಪಥ್ಯ ಸೂಚಿಸಿದ್ದು ಮೂರ್ಛೆರೋಗಕ್ಕೆ. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಈಗಲೂ ಡಾಕ್ಟರ ಕಣ್ಗಾವಲಿನಲ್ಲಿ ಕೊಡುತ್ತಾರೆ. ನೆನಪಿನ ಶಕ್ತಿ ಹೆಚ್ಚುತ್ತೆ ಅನ್ನೋ ಮಾತಿಗೆ ಅಷ್ಟು ಗಟ್ಟಿ ಆಧಾರ ಇಲ್ಲ.

ನನಗೆ ಮಧ್ಯಾಹ್ನದ ತೂಕಡಿಕೆ ಹೋಗಿದೆ, ನಿಜ. ಕೀಟೋನ್ ಮಹಿಮೆಯೋ, ಎರಡು ಸಲ ಅನ್ನ ಬಡಿಸಿಕೊಳ್ಳುವುದು ನಿಂತದ್ದಕ್ಕೋ? ಎರಡನೆಯದೇ ಇರಬೇಕು.

ದಿನ 13
ಪಕ್ಕದ ಮನೆಯಿಂದ ಬಕ್ಕೆ ಹಲಸು ಬಂತು. ಎಂಟು ತೊಳೆ. ಮರುದಿನ ಪಟ್ಟಿಗೆ ಬಣ್ಣವೇ ಬರಲಿಲ್ಲ. ಪಶ್ಚಾತ್ತಾಪ ಏನೂ ಇಲ್ಲ.

ದಿನ 30
79.8. ರಕ್ತ ಪರೀಕ್ಷೆ ಮಾಡಿಸಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 190ರಿಂದ 124ಕ್ಕೆ ಇಳಿದಿದೆ. ಆದರೆ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, 118ರಿಂದ 157ಕ್ಕೆ ಏರಿದೆ. ಡಾಕ್ಟರ್ ಚೀಟಿ ನೋಡಿ, "ಬೆಣ್ಣೆ ಎಷ್ಟು ತಿಂತೀರಿ?" ಅಂದರು. ಕಾಫಿಗೂ ಹಾಕುತ್ತಿದ್ದೆ ಅಂತ ಹೇಳಲು ನಾಚಿಕೆಯಾಯಿತು.

ನನ್ನನ್ನು ನೋಡಿ ಚಿಕ್ಕಪ್ಪನೂ ಶುರು ಮಾಡಲು ಹೊರಟಿದ್ದರು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು. ಕಾರ್ಬ್ ಬಿಟ್ಟು ಅದೇ ಡೋಸ್ ನುಂಗಿದರೆ ಶುಗರ್ ದಿಢೀರ್ ಕುಸಿಯಬಹುದು, ಕೆಲವು ಮಾತ್ರೆಗಳಲ್ಲಿ ರಕ್ತವೇ ಆಮ್ಲವಾಗುವ ಅಪಾಯವೂ ಇದೆ. ಮೊದಲು ಡಾಕ್ಟರ ಹತ್ತಿರ ಹೋಗಿ ಅಂತ ತಡೆದೆ.

ಬೆಣ್ಣೆ ಬಂದ್. ಇನ್ನು ಮೀನು, ಮೊಟ್ಟೆ, ಕಡಲೆಕಾಯಿ ಎಣ್ಣೆಯಲ್ಲಿ ಹುರಿದ ಕಳಲೆ. ಆರು ವಾರದ ಮೇಲೆ ಮತ್ತೆ ರಕ್ತ ಪರೀಕ್ಷೆ. ಉಳಿದ ಬೆಣ್ಣೆಯನ್ನು ಅಮ್ಮ ಇವತ್ತೇ ಕಾಯಿಸಿ, ತುಪ್ಪದ ಡಬ್ಬಿಯನ್ನು ನನ್ನ ಕೈಗೆ ಸಿಗದ ಕಡೆ ಇಟ್ಟಿದ್ದಾರೆ.