ಕಣಿವೆಯಾಚೆಯ ಟಣ್

ದಾರಿ ಏರುತ್ತಾ ಹೋದ ಹಾಗೆ ಕಿವಿ ಗುಂಯ್ ಅನ್ನತೊಡಗಿತು. ಹಿಂದಿನ ಸೀಟಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ದಿಂಬಿನಂತೆ ಉಬ್ಬಿತ್ತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ರೈಫಲ್ಲು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ. ನಾವು ಹೋಗುತ್ತಿದ್ದ ಶಿಬಿರ ಸಮುದ್ರಮಟ್ಟದಿಂದ 2400 ಮೀಟರ್ ಮೇಲಿತ್ತು. ದೂರದ ಗುರಿಗೆ ಕರಾರುವಾಕ್ಕಾಗಿ ಹೊಡೆಯುವುದನ್ನು ಕಲಿಸುವ ಮೂರು ದಿನದ ತರಗತಿ. ಅಲ್ಲಿಯವರೆಗೆ ಬಯಲಿನ ರೇಂಜಿನಲ್ಲಿ ನಾನು 300 ಮೀಟರ್ ದಾಟಿದವನಲ್ಲ. 1000 ಮೀಟರ್ ಹೊಡೆಯಬೇಕು ಅನ್ನುವ ಆಸೆ ಮಾತ್ರ ಬಹಳ ಹಳೆಯದು.

ಮೊದಲ ದಿನ ಬೆಳಗ್ಗೆ ಒಂದು ಈಡೂ ಆಗಲಿಲ್ಲ. ಬೋಲ್ಟ್, ಅಂದರೆ ತೋಟಾ ಹೋಗುವ ಬಾಯಿಯನ್ನು ಮುಚ್ಚುವ ಅಗಳಿ, ತೆರೆದೇ ಇರಬೇಕು, ನಳಿಗೆ ಬೆಟ್ಟದ ಕಡೆಗೇ ಇರಬೇಕು, ಯಾರಾದರೂ ಗುರಿಯ ಹತ್ತಿರ ಹೋಗಿದ್ದರೆ ಇತ್ತ ಯಾರೂ ರೈಫಲ್ ಮುಟ್ಟುವಂತಿಲ್ಲ. ಗೊತ್ತಿದ್ದ ಮಾತೇ ಆದರೂ ಎಲ್ಲರ ಬಾಯಲ್ಲೂ ಹೇಳಿಸಿದರು. ಅದು ನನಗೆ ಹಿಡಿಸಿತು.

ಆಮೇಲೆ ಮಲಗುವುದನ್ನು ಕಲಿಸಿದರು. ಹೌದು, ಮಲಗುವುದನ್ನೇ. ಹೊಟ್ಟೆಯ ಮೇಲೆ ಮಲಗಿ, ಗುರಿ ಹಿಡಿದು, ಕಣ್ಣು ಮುಚ್ಚಿ ಎರಡು ಸಲ ಉಸಿರು ಬಿಡಿ ಅಂದರು. ಕಣ್ಣು ತೆಗೆದರೆ ಸ್ಕೋಪಿನ ಗೆರೆ ಗುರಿಯಿಂದ ಪಕ್ಕಕ್ಕೆ ಜಾರಿತ್ತು. ಅಂದರೆ ಅಷ್ಟು ಹೊತ್ತೂ ನಾನು ಸ್ನಾಯುಗಳ ಬಲದಿಂದ ರೈಫಲನ್ನು ಎಳೆದು ಹಿಡಿದಿದ್ದೆ. ಕೈಯಿಂದ ತಳ್ಳಿ ಸರಿ ಮಾಡಬಾರದಂತೆ. ಸೊಂಟ ಒಂಚೂರು ಸರಿಸಿ ಇಡೀ ಮೈಯನ್ನೇ ತಿರುಗಿಸಬೇಕು.

ಮಧ್ಯಾಹ್ನ ಶಿಕ್ಷಕರು ತಾವೇ ತೋಟಾ ತುಂಬಿಸಿ ಕೊಡತೊಡಗಿದರು. ಕೆಲವು ಸಲ ತುಂಬಿಸಿದ ಹಾಗೆ ಮಾಡಿ ಖಾಲಿ ಬಿಡುತ್ತಿದ್ದರು. ಮೂರನೇ ಸಲ ಟ್ರಿಗರ್ ಎಳೆದಾಗ ಬರೀ ಟಕ್ ಅಂದಿತು. ಗುಂಡಿಲ್ಲ, ಸದ್ದಿಲ್ಲ, ಆದರೂ ನಳಿಗೆಯ ತುದಿ ಕೆಳಗೆ ಕುಕ್ಕಿತು. ಬರಲಿರುವ ಹೊಡೆತಕ್ಕೆ ನನ್ನ ಭುಜ ಮೊದಲೇ ಬೆದರಿತ್ತು. ಆ ಅದುರು ಎಷ್ಟು ವರ್ಷದಿಂದ ಇತ್ತೋ, ಗುಂಡಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು ಅಷ್ಟೇ. ಸಂಜೆಯವರೆಗೆ ಖಾಲಿ ರೈಫಲಿನ ನಳಿಗೆಯ ಮೇಲೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವೊಂದನ್ನು ನಿಲ್ಲಿಸಿಕೊಂಡು, ಅದು ಬೀಳದ ಹಾಗೆ ಟ್ರಿಗರ್ ಒತ್ತುವುದನ್ನೇ ಮಾಡಿದೆ. ಮೊದಮೊದಲು ಬಿದ್ದಿತು. ಕತ್ತಲಾಗುವ ಹೊತ್ತಿಗೆ ಸತತ ಹತ್ತು ಸಲ ನಿಂತಿತು.

ನನ್ನದು 6.5 ಕ್ರೀಡ್‌ಮೂರ್ ಅನ್ನುವ ತೋಟಾ ಹಾಕುವ ರೈಫಲ್. ಹಾರ್ನಡಿ ಕಂಪನಿ ಈ ತೋಟಾವನ್ನು ತಂದದ್ದು 2007ರಲ್ಲಿ. ಹೆಸರು ಮಾತ್ರ ಹಳೆಯದು, ನ್ಯೂಯಾರ್ಕಿನ ಕ್ರೀಡ್‌ಮೂರ್ ರೇಂಜಿನದು. ಅಲ್ಲಿ 1874ರಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ತಂಡಗಳು 800, 900, 1000 ಗಜ ದೂರಕ್ಕೆ ಸ್ಪರ್ಧೆ ಮಾಡಿದವು. 934ಕ್ಕೆ 931, ಮೂರೇ ಅಂಕದಿಂದ ಅಮೆರಿಕ ಗೆದ್ದಿತು. ಐರಿಷ್ ತಂಡದ ಒಬ್ಬರು ಚೆನ್ನಾಗಿ ಹೊಡೆದ ಒಂದು ಗುಂಡು ಪಕ್ಕದ ಗುರಿಗೆ ಬಿದ್ದು ಸೊನ್ನೆಯಾಗಿತ್ತು. ರಾತ್ರಿ ಬೆಂಕಿಯ ಮುಂದೆ ಈ ಕಥೆ ಕೇಳಿದ ಮೇಲೆ, ನಾವೆಲ್ಲ ಪ್ರತಿ ಈಡಿಗೂ ಮುಂಚೆ ಗುರಿಯ ನಂಬರನ್ನು ಜೋರಾಗಿ ಹೇಳಿಯೇ ಹೊಡೆದೆವು.

ಎರಡನೇ ದಿನ ಲೆಕ್ಕದ ದಿನ. ಮಿಲ್ ಅನ್ನುವುದು ಕೋನದ ಒಂದು ಅಳತೆ. ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಅಂದರೆ 0.1 ಮಿಲ್. 100 ಮೀಟರಿನಲ್ಲಿ ಅದು ಒಂದು ಸೆಂಟಿಮೀಟರ್, 1000 ಮೀಟರಿನಲ್ಲಿ ಹತ್ತು. ಗುಂಡು ಹೋಗ್ತಾ ಹೋಗ್ತಾ ಕೆಳಗಿಳಿಯುವುದರಿಂದ ಗುರಿಯನ್ನು ಅಷ್ಟು ಮೇಲೆ ಹಿಡಿಯಬೇಕು. ನನ್ನ ಗುಂಡು ಸಮುದ್ರಮಟ್ಟದಲ್ಲಾದರೆ 1000 ಮೀಟರಿಗೆ 10 ಮಿಲ್ ಏರಿಸಲು ಕೇಳುತ್ತದೆ. ಇಲ್ಲಿ 9 ಸಾಕಾಯಿತು. 2400 ಮೀಟರ್ ಎತ್ತರದಲ್ಲಿ ಗಾಳಿ ಐದರಲ್ಲೊಂದು ಪಾಲು ತೆಳು, ಗುಂಡನ್ನು ತಡೆಯುವುದೂ ಅಷ್ಟು ಕಡಿಮೆ. ಆ ಪೊಟ್ಟಣ ಉಬ್ಬಿದ್ದೂ ಮೇಲಿನ ಗಾಳಿಯ ಒತ್ತಡ ಕಡಿಮೆಯಾಗಿದ್ದಕ್ಕೇ ಅಲ್ವಾ!

ಇಳಿಜಾರಿನ ಲೆಕ್ಕ ನನಗೆ ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. 30 ಡಿಗ್ರಿ ಕೆಳಗೆ, 600 ಮೀಟರ್ ದೂರದಲ್ಲಿ ಒಂದು ಗುರಿ. ಆದರೆ ಭೂಮಿ ಗುಂಡನ್ನು ಎಳೆಯುವುದು ನೇರ ಕೆಳಕ್ಕೆ. ಹಾಗಾಗಿ ಮಟ್ಟಸವಾಗಿ ಅಳೆದರೆ ಬರುವ ದೂರ, ಸುಮಾರು 520 ಮೀಟರ್, ಅದಕ್ಕೆ ಸ್ಕೋಪ್ ಇಡಬೇಕು. 600 ಅಂತಲೇ ಇಟ್ಟರೆ ಗುಂಡು ಹತ್ತಿರ ಹತ್ತಿರ ಅರ್ಧ ಮೀಟರ್ ಮೇಲೆ ಹಾರಿಹೋಗುತ್ತದೆ. ಕೆಳಗೆ ಹೊಡೆದರೂ ಅಷ್ಟೇ, ಮೇಲಕ್ಕೆ ಹೊಡೆದರೂ ಅಷ್ಟೇ.

ಇಷ್ಟೆಲ್ಲ ಲೆಕ್ಕ ಮಾಡುವ ಯಂತ್ರ ಹೇಳಿಕೊಡುತ್ತದೆ. ಗಾಳಿಯನ್ನು ಯಂತ್ರ ಹೇಳುವುದಿಲ್ಲ. ಕೈಯಲ್ಲಿ ಹಿಡಿಯುವ ಮೀಟರ್ ನಾನು ಮಲಗಿರುವ ಜಾಗದ ಗಾಳಿಯನ್ನಷ್ಟೇ ಅಳೆಯುತ್ತದೆ. ನಮ್ಮ ಮುಂದಿನ ಹುಲ್ಲು ಎಡಕ್ಕೆ ಬಾಗಿದ್ದಾಗಲೇ ಕಣಿವೆಯ ಆಚೆ ಬದಿಯ ಪೈನ್ ಮರದ ಕೊಂಬೆಗಳು ಬಲಕ್ಕೆ ತೂಗುತ್ತಿದ್ದವು. ಕಣಿವೆಯ ತಳದ ಹುಲ್ಲನ್ನು ನೋಡಿ ಪ್ರಯೋಜನವಿಲ್ಲ, ಗುಂಡು ಅದರ ಎಷ್ಟೋ ಮೇಲೆ ಹಾಯುತ್ತದೆ. ರಾತ್ರಿ ತಣ್ಣಗಾದ ಗಾಳಿ ಬೆಟ್ಟದಿಂದ ಕೆಳಗೆ ಹರಿಯುತ್ತಿರುತ್ತದೆ. ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ ಅದೇ ಗಾಳಿ ತಿರುಗಿ ಮೇಲೇರುತ್ತದೆ. ಎರಡರ ನಡುವೆ ಸ್ವಲ್ಪ ಹೊತ್ತು ಕಣಿವೆ ಸುಮ್ನೆ ಇರುತ್ತದೆ, ಎಲೆಯೂ ಅಲ್ಲಾಡುವುದಿಲ್ಲ. ಆ ಹೊತ್ತಿನಲ್ಲೇ ದೂರದ ಗುರಿಗೆ ಹೊಡೆದುಬಿಡೋಣ ಅಂತ ನಾವು ಕೇಳಿದೆವು. ಶಿಕ್ಷಕರು ಒಪ್ಪಲಿಲ್ಲ, ಗಾಳಿ ಏಳುವವರೆಗೂ ಕಾಯಿಸಿದರು. ಅವರು ಮಾಡಿದ್ದೇ ಸರಿ ಅಂತ ನನಗೆ ಈಗ ಅನ್ನಿಸುತ್ತದೆ.

ಮೂರನೇ ದಿನ, ಬೆಳಗ್ಗೆ ಹತ್ತರ ಮೇಲೆ. 1000 ಮೀಟರ್ ಆಚೆ, 60 ಸೆಂಟಿಮೀಟರ್ ಅಗಲದ ಬಿಳಿ ಉಕ್ಕಿನ ತಟ್ಟೆ. ಪಕ್ಕದಲ್ಲಿ ನನ್ನ ಜೊತೆಗಾರ ದುರ್ಬೀನನ್ನು ಗುರಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿ ಬಿಸಿಲುಗುದುರೆಯನ್ನು ನೋಡುತ್ತಿದ್ದ. ಬೇಯುವ ನೀರಿನ ಹಬೆಯ ಹಾಗೆ ನೇರ ಮೇಲೇಳುತ್ತಿದ್ದದ್ದು ನಿಧಾನಕ್ಕೆ ಎಡದಿಂದ ಬಲಕ್ಕೆ ಹರಿಯತೊಡಗಿತು. "ಎಡದಿಂದ, ಸೆಕೆಂಡಿಗೆ ಮೂರು ಮೀಟರ್" ಅಂದ. ಒಂದು ಮೀಟರ್ ತಪ್ಪಿ ಓದಿದರೂ ಅಲ್ಲಿ 35-40 ಸೆಂಟಿಮೀಟರ್ ವ್ಯತ್ಯಾಸ. ಇದರ ಮೇಲೆ ಗುಂಡು ತಿರುಗುತ್ತಾ ಹೋಗುವುದರಿಂದ ತಾನಾಗಿ ಬಲಕ್ಕೆ ಒಂದು ಗೇಣು ಸರಿಯುತ್ತದೆ. 1.3 ಮಿಲ್ ಎಡಕ್ಕೆ ಹಿಡಿದೆ. "ಗುರಿ ನಾಲ್ಕು" ಅಂದೆ. ಅರ್ಧ ಉಸಿರು ಬಿಟ್ಟು ಒತ್ತಿದೆ.

ತಟ್ಟೆಯ ಬಲಕ್ಕೆ ಮಣ್ಣು ಎದ್ದಿತು. ನಡುವಿನ ಗಾಳಿ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಸ್ಕೋಪಿನ ಗೆರೆಯಲ್ಲೇ ಅಳೆದೆ: ತಟ್ಟೆಯ ನಡುವಿನಿಂದ 0.6. ಗಾಳಿ ಬದಲಾಗುವ ಮುಂಚೆ ಬೋಲ್ಟ್ ಎಳೆದು, 1.9 ಹಿಡಿದು, ಮತ್ತೆ ಒತ್ತಿದೆ.

ಈ ಸಲ ಜೊತೆಗಾರನಿಗೆ ಗುಂಡಿನ ಜಾಡು ಕಂಡಿತು. ನೀರಿನಲ್ಲಿ ಮೀನು ಸರಿದಾಗ ಏಳುವ ಗೆರೆಯ ಹಾಗೆ ಗಾಳಿ ಸೀಳಿಕೊಂಡು, ಕಮಾನಿನಂತೆ ಏರಿ, ಇಳಿಯಿತಂತೆ. ನನಗೆ ಕಂಡದ್ದು ತಟ್ಟೆ ತೂಗಿದ್ದು ಮಾತ್ರ. ಬಿಳಿ ಬಣ್ಣದ ಮೇಲೆ ಬೂದು ಕಲೆ, ನಡುವಿಗಿಂತ ಕೊಂಚ ಕೆಳಗೆ. ಸದ್ದು ಇನ್ನೂ ಬಂದಿರಲಿಲ್ಲ. ಗುಂಡು ಹೋಗಲು ಒಂದೂವರೆ ಸೆಕೆಂಡಿನ ಮೇಲೆ, ಸದ್ದು ವಾಪಸ್ ಬರಲು ಮೂರು ಸೆಕೆಂಡ್. ಕೆನ್ನೆ ರೈಫಲಿನ ಹಿಡಿಯ ಮೇಲೆ ಒತ್ತಿಕೊಂಡೇ ಕಾದೆ. ಕಿವಿಗೆ ಹಾಕಿದ್ದ ಎಲೆಕ್ಟ್ರಾನಿಕ್ ಮಫ್ಸಿನೊಳಗೆ ಸಣ್ಣಗೆ ಕೇಳಿಸಿತು: ಟಣ್.

ಮಧ್ಯಾಹ್ನ ಗಾಳಿ ಜೋರಾಗಿ ಬಹಳ ತಪ್ಪಿಸಿಕೊಂಡೆ. ಇಪ್ಪತ್ತರಲ್ಲಿ ಏಳು ತಗುಲಿದವು.

ಇಳಿಯುವ ಮುಂಚೆ ಯಾವ ದೂರಕ್ಕೆ ಎಷ್ಟು ಮಿಲ್ ಅಂತ ಬರೆದಿಡುವ ನನ್ನ ಡೋಪ್ ಕಾರ್ಡಿನ ಮೂಲೆಯಲ್ಲಿ 2400 ಮೀಟರ್ ಅಂತಲೂ, ಆವತ್ತಿನ ತಾಪಮಾನವನ್ನೂ ಬರೆದುಕೊಂಡೆ. ಕೆಳಗೆ ಹೋದರೆ ಈ ಅಂಕಿಗಳು ಹೊಂದುವುದಿಲ್ಲ. ಮೇಲೆ ಕುಡಿದು ಮುಚ್ಚಳ ಬಿಗಿದಿಟ್ಟ ನೀರಿನ ಬಾಟಲಿ ಹಿಂದಿನ ಸೀಟಿನಲ್ಲಿತ್ತು. ತಿರುವುಗಳನ್ನು ಇಳಿಯುತ್ತಾ ಹೋದಂತೆ ಅದು ಚಟ್, ಚಟ್ ಅಂತ ಒಳಕ್ಕೆ ಕುಗ್ಗತೊಡಗಿತು.